ಹುಲ್ಲು ತುಂಬಿದ ಕರು

ಕಮ್ಮನಹಳ್ಳಿ ಮೇನ್ ರೋಡಿನ ಬಟ್ಟೆ ಅಂಗಡಿ, ಬೇಕರಿ, ಮೊಬೈಲ್ ಅಂಗಡಿಗಳ ಬೆಳಕಿನಲ್ಲಿ ಓಡಾಡುವವರಿಗೆ, ಅವುಗಳ ಬೆನ್ನಿಗೇ ಒಂದು ಸಾಲು ಶೀಟಿನ ಕೋಣೆಗಳಿವೆ ಎಂಬುದು ತಿಳಿಯುವುದೇ ಇಲ್ಲ. ಸುರಪುರ, ಲಿಂಗಸುಗೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಸಂಸಾರಗಳು ಅಲ್ಲಿ ಕೋಣೆಗೊಂದರಂತೆ ಬಾಡಿಗೆಗಿದ್ದವು. ಕೋಣೆಗಳ ಮಾಲೀಕರು ಕಲ್ಯಾಣ ನಗರದಲ್ಲಿ ಮಹಡಿ ಮನೆ ಕಟ್ಟಿಕೊಂಡು ಹಾಯಾಗಿದ್ದರು. ಈ ಸಾಲಿನ ಮಟ್ಟಿಗೆ ಯಜಮಾನಿ, ಪೊಲೀಸು, ಪಂಚಾಯಿತಿ ಎಲ್ಲವೂ ಮುಂದಿನ ಕೋಣೆಯ ಮಾರಕ್ಕನೇ. ಎಪ್ಪತ್ತು ದಾಟಿದ ಹೆಂಗಸು, ಕಮ್ಮನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವಳು. ನಲ್ಲಿ ಸರಿಯಾಗಿ ನಿಲ್ಲಿಸದೆ ಹೋದವರ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದಳು. ಅದೇ ಮನೆಯ ಮಗುವಿಗೆ ಜ್ವರ ಬಂದರೆ ತಾನೇ ಕಷಾಯ ಕಾಯಿಸಿಕೊಂಡು ಹೋಗಿ ಕೂರುತ್ತಿದ್ದಳು.

ಆ ವರ್ಷ ಬೇಸಿಗೆ ಮುಗಿಯುವಂತೆಯೇ ಕಾಣಲಿಲ್ಲ. ಕೊನೆಗೂ ಮಳೆ ಶುರುವಾಗಿ ವಾರವಾಗಿತ್ತು. ಅಂದು ದೀಪ ಹಚ್ಚುವ ಹೊತ್ತಿಗೆ ಮಳೆ ಜೋರು ಹಿಡಿದು ಕರೆಂಟು ಹೋಯಿತು. ಕೋಣೆಯೊಳಗೆ ಶೀಟಿನ ಮೇಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ, ಹಾಗಾಗಿ ಸಾಲಿನವರೆಲ್ಲ ಮಾರಕ್ಕನ ಜಗಲಿಗೆ ಬಂದು ಒತ್ತೊತ್ತಾಗಿ ಕೂತರು. ಮಾರಕ್ಕ ಒಂದು ಮೇಣದ ಬತ್ತಿ ಹಚ್ಚಿ ಎಲೆಯಡಿಕೆ ತಟ್ಟೆ ಎಳೆದುಕೊಂಡಳು.

ಕೊನೆಯ ಕೋಣೆಯ ಗುರುದೇವಿ ಎಲ್ಲರಿಗಿಂತ ತಡವಾಗಿ ಬಂದಳು. ಗಂಡ ಸಂಜು ಶಿವಾಜಿನಗರದ ಪಿಂಗಾಣಿ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ, ಬರುವುದು ತಡ. ಅವಳು ಐದು ತಿಂಗಳ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಗೋಡೆಗೊರಗಿ, ಕಾಲು ಮಡಿಸಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಹುಟ್ಟಿದಾಗಿನಿಂದ ಗುಂಡುಗುಂಡಾಗಿದ್ದ ಕೂಸು ಅದು. ಹಾಲು ಕುಡಿಸಲು ಕೂತರೆ ತೊಡೆ ಜೋಮು ಹಿಡಿದು, ಏಳುವಾಗ ಸಂಜುವೇ ಕೈಹಿಡಿದು ಎಬ್ಬಿಸಬೇಕಾಗುತ್ತಿತ್ತು. ಆದರೂ ಮೊನ್ನೆ ಸೂಜಿ ಹಾಕಿಸಲು ಹೋದಾಗ ನರ್ಸಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದ್ದಳು. ಹೋದ ಸಲಕ್ಕಿಂತ ಕಡಿಮೆ ತೋರಿಸುತ್ತಿತ್ತು. ಕೂಸು ನಗುತ್ತಿರುವುದನ್ನು ಕಂಡು, ತಕ್ಕಡಿಯೇ ಕೆಟ್ಟಿರಬೇಕು, ಮುಂದಿನ ವಾರ ಬಾ ಎಂದು ಕಳಿಸಿದ್ದಳು.

ಗುರುದೇವಿಗೆ ಆ ವಾರವೆಲ್ಲ ಬೇರೆ ಚಿಂತೆ. ಕೋಣೆಯ ಹಿಂದಿನ ಗೋಡೆ ಹಸಿ ಹಿಡಿದಿತ್ತು. ಇನ್ನೊಂದು ಚಿಂತೆಯೂ ಇತ್ತು, ಅದನ್ನು ಮಾರಕ್ಕನ ಮುಂದೆ ಹೇಳುವಂತಿರಲಿಲ್ಲ. ಕೋಣೆ ಕೊಡುವಾಗಲೇ ಮಾರಕ್ಕ, ಸೌದೆ ಒಲೆ ಹಚ್ಚಬಾರದು, ಹುಲ್ಲು ತರಬಾರದು ಎಂದು ಎರಡೇ ಮಾತಿನಲ್ಲಿ ಹೇಳಿದ್ದಳು. ಬೆಂಕಿಯ ಭಯಕ್ಕೆ ಹೇಳಿದ್ದಾಳೆ ಎಂದುಕೊಂಡಿದ್ದಳು ಗುರುದೇವಿ. ಆದರೆ ಅಂಗಡಿಗೆ ಬರುವ ತಟ್ಟೆ ಲೋಟಗಳ ಪೆಟ್ಟಿಗೆಯಲ್ಲಿ ಒಡೆಯದಿರಲೆಂದು ತುಂಬಿರುತ್ತಾರಲ್ಲ, ಆ ಒಳ್ಳೆಯ ಒಣಹುಲ್ಲನ್ನು ಸುಮ್ಮನೆ ಎಸೆಯುತ್ತಾರೆಂದು ಸಂಜು ಒಂದು ಚೀಲ ತಂದಿದ್ದ. ಅವಳು ಹಳೆಯ ಸೀರೆಯ ಚೀಲ ಹೊಲಿದು, ಅದನ್ನು ತುಂಬಿ, ಕೂಸಿಗೊಂದು ಪುಟ್ಟ ಹಾಸಿಗೆ ಮಾಡಿದ್ದಳು. ಈಗ ಒಂದು ವಾರದಿಂದ ಬೆಳಿಗ್ಗೆ ಎದ್ದರೆ ಹಾಸಿಗೆಯ ಹೊಲಿಗೆ ಒಂದು ಕಡೆ ಬಿಚ್ಚಿರುತ್ತಿತ್ತು, ಹಾಸಿಗೆ ದಿನದಿನಕ್ಕೂ ತೆಳ್ಳಗಾಗುತ್ತಿತ್ತು. ಇಲಿಯ ಕಾಟ ಎಂದುಕೊಂಡು ದಿನಾ ಹೊಲಿಯುತ್ತಿದ್ದಳು.

ಹಾಗಾಗಿ ಗೋಡೆಯ ವಿಷಯವನ್ನಷ್ಟೇ ಎತ್ತಿದಳು.

“ಅಜ್ಜಿ, ನಮ್ಮ ಕ್ವಾಣಿ ಗ್ವಾಡಿ ಹಸಿ ಹಿಡದೈತ್ರಿ. ಕೂಸಿನ ತಲಿ ದಿನಾ ಮುಂಜಾನೆ ತೊಯ್ದಿರತೈತಿ. ಇವರು ಮ್ಯಾಲ ಹತ್ತಿ ನೋಡ್ಯಾರ, ಶೀಟ್ ಎಲ್ಲೂ ಸೋರಂಗಿಲ್ಲ.”

ಮಾರಕ್ಕ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದಳು. “ಗೋಡೆ ಎಲ್ಲಿ ಹಸಿ? ಮೇಲಾ, ಕೆಳಗಾ?”

“ಇಷ್ಟ ಎತ್ತರಕ್ಕರಿ,” ಎಂದು ಗುರುದೇವಿ ತನ್ನ ಮೊಣಕಾಲಿಗಿಂತ ತುಸು ಮೇಲೆ ಕೈ ತೋರಿಸಿದಳು. “ಅಲ್ಲಿ ಬಣ್ಣಾನೂ ಹೋಗೈತಿ. ಯಾರೋ ತಿಕ್ಕಿದಂಗ ನುಣ್ಣಗಾಗೈತಿ.”

ಮಾರಕ್ಕ ಎಲೆಯನ್ನು ಮಡಿಸಿ ಬಾಯಿಗಿಡದೆ ಹಾಗೇ ತಟ್ಟೆಯಲ್ಲಿಟ್ಟಳು. ಅವಳು ಎಲೆ ಕೆಳಗಿಟ್ಟದ್ದನ್ನು ಅವರು ಯಾರೂ ಅದುವರೆಗೆ ನೋಡಿರಲಿಲ್ಲ.

“ಕೂತ್ಕೊ, ಹೇಳ್ತೀನಿ. ಎಲ್ರೂ ಕೇಳಿ. ಆದ್ರೆ ನಡುವೆ ಎದ್ದು ಹೋಗ್ಬಾರ್ದು, ಮೊದ್ಲೇ ಹೇಳ್ಬಿಟ್ಟೆ.

“ನೀವೀಗ ಒತ್ಕೊಂಡು ಕೂತಿದ್ದೀರಲ್ಲ, ಇದೆಲ್ಲ ನಿಂಗಣ್ಣನ ಕೊಟ್ಟಿಗೆ ಇದ್ದ ಜಾಗ. ನನ್ನ ಗುಡಿಸ್ಲು ಅಗೋ ಆ ಮೋರಿ ಪಕ್ಕ ಇತ್ತು. ನಿಂಗಣ್ಣ, ಅವನ ಹೆಂಡ್ತಿ ಅಮೃತಮ್ಮ, ಒಂದು ಕೊಟ್ಟಿಗೆ ತುಂಬ ಹಸು. ಮಕ್ಕಳಿಲ್ಲ. ನಾನು ಅವರ ಸಗಣಿ ಬಾಚ್ಕೊಂಡು ಬಂದು ಬೆರಣಿ ತಟ್ಟಿ ಮಾರ್ತಿದ್ದೆ, ಅದ್ಕೇ ಆ ಮನೆ ಒಳಗೂ ಹೊರಗೂ ನಂಗೆ ಗೊತ್ತು. ನಿಂಗಣ್ಣ ಹಾಲು ಹಾಕ್ತಿದ್ದಿದ್ದು ಎಲ್ಲಿಗೆ ಅಂತೀರಿ? ಕುಕ್ ಟೌನಿನ ಹಳೇ ಬಂಗ್ಲೆಗಳಿಗೆ. ಊರೆಲ್ಲ ಪ್ಯಾಕೆಟ್ ಹಾಲಿಗೆ ಬಿದ್ದಿದ್ರೂ ಆ ಮುದುಕ ಮುದುಕೀರು ಮಾತ್ರ ಬಿಟ್ಟಿರ್ಲಿಲ್ಲ. ಅವರಿಗೆ ನೀರು ಬೆರೆಸಿಲ್ಲ ಅಂತ ಕಣ್ಣಾರೆ ಕಾಣ್ಬೇಕು, ಹಸೂನ ಗೇಟ್ ಮುಂದೆ ಹೊಡ್ಕೊಂಡು ಹೋಗಿ, ಅಲ್ಲೇ ಕೂತು ಕರೆದು ಕೊಡ್ಬೇಕು. ಪಾತ್ರೆ ಬಗ್ಗಿಸಿ ತೋರಿಸಿ, ಆಮೇಲೆ ಕರೆಯೋದು. ಅಂಥಾ ಗೌರವದ ವ್ಯಾಪಾರ ಅದು.

“ಹಸು ಸುಮ್ನೆ ಹಾಲು ಕೊಡಲ್ಲಪ್ಪ. ಈಗಿನ ಸೀಮೆ ಹಸು ಮಿಷಿನ್ ಇದ್ದಂಗೆ, ಹಾಕಿದ್ರೆ ಬರ್ತದೆ. ನಮ್ಮ ನಾಟಿ ಹಸು ಹಂಗಲ್ಲ. ಕರು ಬಂದು ಮೊಲೆಗೆ ಬಾಯಿ ಹಾಕ್ಬೇಕು, ತಾಯಿ ಅದ್ರ ಮೈ ನೆಕ್ಬೇಕು, ಆಗ ಕೆಚ್ಚಲಿಗೆ ಹಾಲು ಇಳೀತದೆ. ಅದಕ್ಕೆ ಸೊರೆ ಬಿಡೋದು ಅಂತೀವಿ. ನಿಂಗಣ್ಣನ ಹತ್ರ ಕೆಂದಿ ಅಂತ ಒಂದು ನಾಟಿ ಹಸು ಇತ್ತು. ಅಮೃತಮ್ಮ ಅದನ್ನ ಕರು ಇದ್ದಾಗಿಂದ ಸಾಕಿದ್ಲು. ಅದ್ರ ಜೊತೆ ಮಾತಾಡೋಳು, ಅದ್ರ ಮೇಲೆ ಮುನಿಸ್ಕೊಳ್ಳೋಳು... ಗಂಡನ ಹತ್ರ ಮಾತಾಡಿದ್ದಕ್ಕಿಂತ ಅದ್ರ ಹತ್ರ ಮಾತಾಡಿದ್ದೇ ಹೆಚ್ಚು.

“ಹಂಗೆ ನಡೀತಿದ್ದಾಗ ಮಳೆ ಕೈಕೊಡ್ತು. ಒಂದು ವರ್ಷ ಅಲ್ಲ. ಮೇಲಿಂದ ಮೇಲೆ ಮೂರು ವರ್ಷ. ನಿಮಗೆ ಊರ ಕಡೆ ಗೊತ್ತಿರ್ತದೆ ಆ ಕಾಲ.”

ಸಾಲಿನ ಶಿವರುದ್ರಪ್ಪ ಹೌದೆಂದು ತಲೆಯಾಡಿಸಿದ. ಅವನೀಗ ಕಲ್ಯಾಣ ನಗರದ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಿದ್ದ. ಬರದ ಆ ಮೂರು ವರ್ಷಗಳಿಗೆ ಮೊದಲು ಅವನ ಬಳಿಯೂ ಕುರಿಗಳಿದ್ದವು. ಅವುಗಳ ಮಾತನ್ನು ಅವನು ಯಾವತ್ತೂ ಆಡುತ್ತಿರಲಿಲ್ಲ.

“ಪಟ್ಟಣದಲ್ಲಿ ಬರ ಅಂದ್ರೆ ಏನು ಗೊತ್ತಾ? ನಲ್ಲೀಲಿ ನೀರು ಬರಲ್ಲ ಅಂತ ಗಲಾಟೆ ಮಾಡ್ತಾರೆ, ಅಷ್ಟೇ. ಅನ್ನ ಇರ್ತದೆ, ಅಂಗಡಿ ಇರ್ತದೆ. ಆದ್ರೆ ದನ ಸಾಕಿರೋನಿಗೆ? ಹುಲ್ಲು ಹೊರಗಿಂದ ಬರ್ಬೇಕು. ಕೋಲಾರ, ಚಿಂತಾಮಣಿ ಕಡೆ ಒಣಗಿದ್ರೆ ಇಲ್ಲಿ ಕೊಟ್ಟಿಗೆ ಒಣಗ್ತದೆ. ನಿಂಗಣ್ಣ ಒಂದು ಮಂಗಳವಾರ ಕೆ.ಆರ್. ಪುರದ ಸಂತೆಗೆ ಹುಲ್ಲು ಸಿಗ್ತದೇನೋ ಅಂತ ಹೋದ. ಹೋಗಿ ಬಂದು ಮೂಲೇಲಿ ಕೂತ್ಬಿಟ್ಟ. ಏನಾಯ್ತೋ ಅಂದ್ರೆ... ಸಂತೇಲಿ ಹುಲ್ಲಿಲ್ಲ, ಬರೀ ದನ. ದೂರ ದೂರದಿಂದ ನಡೆಸ್ಕೊಂಡು ಬಂದಿದ್ದಾರೆ, ಪಕ್ಕೆ ಎಣಿಸ್ಬಹುದು. ಕೊಳ್ಳೋರೇ ಇಲ್ಲ. ಸಾಯಂಕಾಲದವರೆಗೂ ಕಾದು, ಎಷ್ಟೋ ಜನ ಕೊರಳಿನ ಹಗ್ಗ ಬಿಚ್ಕೊಂಡು, ದನಾನ ಅಲ್ಲೇ ಬಿಟ್ಟು, ಹಗ್ಗ ಮಾತ್ರ ಕೈಲಿ ಹಿಡ್ಕೊಂಡು ಬಸ್ ಹತ್ತಿದ್ರಂತೆ. ಆ ದನಗಳು ಹಳೇ ಮದ್ರಾಸ್ ರೋಡಲ್ಲಿ ಲಾರಿಗಳ ಮಧ್ಯೆ ನಿಂತ್ಕೊಂಡು, ಹೋಗೋ ಬರೋರ ಮುಖ ನೋಡ್ತಿದ್ವಂತೆ. ನಮ್ಮೋನು ಯಾವನು, ಯಾವಾಗ ಬರ್ತಾನೆ ಅಂತ.

“ನಿಂಗಣ್ಣನೂ ಒಂದೊಂದೇ ಹಸು ಕಳ್ಕೊಂಡ. ಕೆಲವು ಹೋದ ಬೆಲೆಗೆ ಹೋದ್ವು, ಕೆಲವು ಇಲ್ಲೇ ಮಲಗಿದ್ವು. ಕೊನೆಗೆ ಉಳಿದದ್ದು ಕೆಂದಿ ಒಂದೇ, ಅದೂ ಆಗ ತಾನೆ ಕರು ಹಾಕಿತ್ತು. ಗಂಡುಕರು. ಮೈಯೆಲ್ಲ ಕೆಂಪು, ಹಣೇಲಿ ಒಂದು ಬಿಳೀ ಬೊಟ್ಟು. ಅಮೃತಮ್ಮ ಒಂದೇ ಹಟ ಹಿಡಿದ್ಲು, ಏನಾದ್ರೂ ಆಗ್ಲಿ ಮಳೆ ಬರೋವರೆಗೂ ಕೆಂದೀನ ಉಳಿಸ್ಬೇಕು ಅಂತ. ಅವಳು ರಸೆಲ್ ಮಾರ್ಕೆಟ್ಟಿಗೆ ಹೋಗಿ ಹೂಕೋಸಿನ ಎಲೆ ಆಯ್ಕೊಂಡು ಬರೋಳು. ಅದಕ್ಕೂ ಜಗಳ, ನಿನ್ನಂಥೋರು ಹತ್ತು ಜನ ಅಂತ ಅಟ್ಟೋರು. ಮದುವೆ ಛತ್ರದ ಹಿಂದೆ ನಿಂತು ಉಂಡ ಬಾಳೆಲೆ ತರೋಳು. ಗೋಡೆಗಂಟಿಸಿದ ಸಿನಿಮಾ ಪೋಸ್ಟರ್ ಕಿತ್ಕೊಂಡು ಬರೋಳು, ಅದ್ರ ಹಿಂದೆ ಮೈದಾ ಅಂಟು ಇರ್ತದಲ್ಲ, ಅದಕ್ಕೆ. ಹೊಟ್ಟೆ ತುಂಬ ಹೀರೋಗಳನ್ನೇ ತಿಂದಿದ್ದಾಳೆ ನಮ್ಮ ಕೆಂದಿ ಅಂತ ನಗೋಳು. ನಗು ಬರೋದಾ ಅದು...

“ತಿನ್ನೋಕೆ ಇಲ್ದೋಳ ಕೆಚ್ಚಲಲ್ಲಿ ಹಾಲು ಎಷ್ಟಿರ್ತದೆ ಹೇಳಿ. ಇರೋದು ಒಂದಿಷ್ಟು. ಕರುವಿಗೆ ಬಿಟ್ರೆ ಬಂಗ್ಲೆಗಿಲ್ಲ, ಬಂಗ್ಲೆಗೆ ಕೊಟ್ರೆ ಕರುವಿಗಿಲ್ಲ. ನಿಂಗಣ್ಣ ಏನು ಮಾಡ್ತಿದ್ದ, ಕರೂನ ಮೊಲೆಗೆ ಬಿಡೋನು, ತಾಯಿ ಸೊರೆ ಬಿಡ್ತಿದ್ದಂಗೆ ಕರುವಿನ ಬಾಯಿ ಕಿತ್ತು ಕಂಬಕ್ಕೆ ಕಟ್ಟೋನು. ಒಂದು ಮೊಲೆನಾದ್ರೂ ಅದಕ್ಕೆ ಬಿಡ್ರೀ, ಅಂತ ಅಮೃತಮ್ಮ ದಿನಾ ಹೇಳೋಳು. ನಾಳೆಯಿಂದ ಬಿಡ್ತೀನಿ ಕಣೇ, ಇವತ್ತೊಂದಿನ, ಅನ್ನೋನು. ಕೆಟ್ಟೋನಲ್ಲ ಅವನು. ಒಂದು ಗೇಟ್ ತಪ್ಪಿದ್ರೆ ನಾಳೆ ಅವರು ಪ್ಯಾಕೆಟ್ ತರಿಸ್ತಾರೆ, ಆಮೇಲೆ ಕೆಂದಿಗೆ ಎಲ್ಲಿಂದ ತರೋದು ಅನ್ನೋ ಭಯ. ನಾಳೆ ನಾಳೆ ಅಂತ ಒಂದು ಬೆಳಿಗ್ಗೆ ಕರು ಕಂಬದ ಹತ್ರಾನೇ ಕಾಲು ಚಾಚಿತ್ತು. ಅದ್ರ ಬಾಯಿ ತುಂಬ ಮಣ್ಣು... ಹಸಿವಿಗೆ ನೆಲ ನೆಕ್ಕಿದೆ, ಪಾಪ.”

ಗುರುದೇವಿ ಕೂಸಿನ ಮೇಲೆ ಸೆರಗನ್ನು ಸರಿಮಾಡಿದಳು. ಕೂಸು ಕಣ್ಣು ಬಿಟ್ಟುಕೊಂಡೇ ಇತ್ತು, ಮೇಣದ ಬತ್ತಿಯನ್ನು ನೋಡುತ್ತ ಸುಮ್ಮನೆ ಮಲಗಿತ್ತು. ಅಳುವುದನ್ನೇ ಮರೆತಿದೆ ಇದು ಎಂದು ಅವಳಿಗೆ ಆ ವಾರ ಒಂದೆರಡು ಸಲ ಅನ್ನಿಸಿತ್ತು.

“ಈಗ ಕರು ಇಲ್ದೆ ಕೆಂದಿ ಹಾಲು ಇಳಿಸ್ತಾಳಾ? ಇಲ್ಲ. ಅದಕ್ಕೊಂದು ಪದ್ಧತಿ ಇತ್ತು ಹಾಲಿನೋರಲ್ಲಿ. ನೀವು ನೋಡಿರಲ್ಲ. ಸತ್ತ ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಯೋದು. ಕಾಲಿಗೆ ನಾಕು ಕಡ್ಡಿ. ಹಲಸೂರಲ್ಲಿ ತಮಟೆಗೆ ತೊಗಲು ಬಿಗಿಯೋ ಹುಸೇನಪ್ಪ ಅಂತಿದ್ದ, ಅವನೇ ಮಾಡಿಕೊಟ್ಟ. ಅದಕ್ಕೇ ಅಂತ ಸಾಲ ಮಾಡಿ ಒಂದಿಷ್ಟು ಒಳ್ಳೇ ರಾಗಿ ಹುಲ್ಲು ತಂದು, ಹೊಟ್ಟೆ ಬಿರಿಯೋ ಹಂಗೆ ತುಂಬಿದ್ರು. ಬದುಕಿದ್ದಾಗ ಯಾವತ್ತೂ ಅಷ್ಟು ಹೊಟ್ಟೆ ತುಂಬಿರ್ಲಿಲ್ಲ ಅದಕ್ಕೆ. ಮೈಗೆ ಉಪ್ಪುನೀರು ಸವರಿ ಮುಂದಿಟ್ರೆ ಕೆಂದಿ ಅದನ್ನ ನೆಕ್ತಿದ್ಲು. ತಲೆಯಿಂದ ಶುರು ಮಾಡಿ, ಬೆನ್ನು, ಬಾಲದವರೆಗೂ. ನೆಕ್ತಾ ನೆಕ್ತಾ ಹಾಲು ಇಳಿಸ್ತಿದ್ಲು. ನಿಂಗಣ್ಣ ದಿನಾ ಬೆಳಿಗ್ಗೆ ಆ ಹುಲ್ಲಿನ ಕರು ಹೆಗಲ ಮೇಲೆ ಹೊತ್ಕೊಂಡು ಕುಕ್ ಟೌನ್ ಕಡೆ ಹೋಗೋನು, ಹಿಂದೆ ಕೆಂದಿ ಕರೂನೇ ನೋಡ್ಕೊಂಡು ನಡೆಯೋಳು. ಹಗ್ಗ ಬೇಕಾಗಿರ್ಲಿಲ್ಲ.”

“ಅದಕ್ಕ ಗೊತ್ತಾಗಂಗಿಲ್ಲೇನ್ರಿ ಅಜ್ಜಿ, ಸತ್ತದ್ದು ಅಂತ?” ಎಂದು ಶಿವರುದ್ರಪ್ಪ ಕೇಳಿದ.

“ಯಾಕೆ ಗೊತ್ತಾಗಲ್ಲ? ಗೊತ್ತಿದ್ರೂ ನೆಕ್ತಾಳೆ ಕಣಪ್ಪ. ನೀನು ಗಂಡಸು, ಬಿಡು.

“ಬೇಸಿಗೆ ಇನ್ನೂ ಬಲೀತು. ಹುಲ್ಲಿನ ಗಾಡಿ ಅಜ್ಮತ್ ಅಂತ, ಶಿವಾಜಿನಗರದೋನು, ಎಂಥಾ ಕಾಲದಲ್ಲೂ ಅಮೃತಮ್ಮನಿಗೆ ಇಲ್ಲ ಅಂದೋನಲ್ಲ. ಅವನೂ ಒಂದಿನ ಖಾಲಿ ಗಾಡಿ ತಂದು ನಿಲ್ಲಿಸ್ದ. ಅಕ್ಕಾ, ಹೊಸಕೋಟೆವರೆಗೂ ಹೋಗಿ ಬಂದೆ, ಸಬ್ ಖಾಲಿ, ಒಂದು ಕಡ್ಡಿ ಇಲ್ಲ, ಎಲ್ಲಿಂದಾದ್ರೂ ತರ್ತೀನಿ ಇರಿ, ಅಂತ ಹೇಳಿ, ಗಾಡಿ ತಳದಲ್ಲಿ ಅಂಟ್ಕೊಂಡಿದ್ದ ಕಸ ಎಲ್ಲ ಗುಡಿಸಿ ಒಂದು ಹಿಡಿ ಕೊಟ್ಟು ಹೋದ. ಆಮೇಲೆ ಅವನೂ ಬರ್ಲಿಲ್ಲ. ಕೆಂದಿಗೆ ಏಳೋಕೆ ತ್ರಾಣ ಇಲ್ಲ. ಇಬ್ರೂ ಸೇರಿ ಬಾಲ ಹಿಡಿದು ಎತ್ತಿ ನಿಲ್ಲಿಸ್ಬೇಕು.

“ಅವತ್ತು... ಅವತ್ತು ನಾನು ಸಗಣಿಗೆ ಅಂತ ಹೋಗಿದ್ದೆ. ಸಗಣಿ ಎಲ್ಲಿ ಬಂತು, ತಿಂದಿದ್ರೆ ತಾನೆ, ಸುಮ್ನೆ ಅಭ್ಯಾಸಕ್ಕೆ ಹೋಗಿದ್ದು. ನಿಂಗಣ್ಣ ಕೊಟ್ಟಿಗೇಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮುಂದೆ ಹುಲ್ಲಿನ ಕರು. ನೋಡ್ತೀನಿ, ಅದ್ರ ಹೊಟ್ಟೆ ಹೊಲಿಗೆ ಬಿಚ್ತಿದ್ದಾನೆ. ಏನೋ ಮಾಡ್ತಿದ್ದೀಯ ನಿಂಗಣ್ಣ ಅಂದೆ. ಮಾರಕ್ಕ, ಒಳಗೆ ಇರೋದು ಒಳ್ಳೇ ರಾಗಿ ಹುಲ್ಲು ಅಲ್ವಾ, ಮಳೆ ಬಂದ ಮೇಲೆ ಮತ್ತೆ ತುಂಬ್ತೀನಿ, ಅಂದ. ಒಂದು ಹಿಡಿ ಎಳೆದು ಕೆಂದಿ ಬಾಯಿಗೆ ಹಿಡಿದ. ಅವಳು ಮೂಸಿ ಮುಖ ತಿರುಗಿಸಿದ್ಲು. ಅದ್ರಲ್ಲಿ ಏನು ವಾಸನೆ ಇತ್ತೋ, ಅವಳಿಗೆ ಗೊತ್ತಿಲ್ವಾ? ಇವನು ಉಪ್ಪುನೀರು ಚಿಮುಕಿಸಿ ಮತ್ತೆ ಹಿಡಿದ. ಹಸಿವು ಯಾರ ಮಾತು ಕೇಳ್ತದೆ? ತಿಂದ್ಲು.

“ಅಲ್ಲಿಂದ ದಿನಾ ಒಂದೊಂದು ಹಿಡಿ. ಮಳೆ ಇವತ್ತು ಬರ್ತದೆ, ನಾಳೆ ಬರ್ತದೆ. ಹುಲ್ಲು ತೆಗೀತಾ ತೆಗೀತಾ ಕರುವಿನ ಪಕ್ಕೆ ಒಳಗೆ ಹೋಯ್ತು, ಬೆನ್ನು ಬಗ್ಗಿತು, ಕತ್ತು ಜೋತುಬಿತ್ತು. ಸತ್ತ ಕರು ನಮ್ಮ ಕಣ್ಮುಂದೆ ಇನ್ನೊಂದು ಸಲ ಬಡವಾಯ್ತು ಕಣ್ರಪ್ಪ. ಹಸಿವಲ್ಲಿ ಒಂದು ಸಲ ಹೋಗಿದ್ದು ಸಾಲ್ದು ಅಂತ ಇನ್ನೊಂದು ಸಲ ಹೋಗ್ತಿತ್ತು. ಅಮೃತಮ್ಮ ಆ ಕಡೆ ತಿರುಗಿ ನೋಡೋದನ್ನೇ ಬಿಟ್ಲು. ಬೇಡಾಂತ ಮಾತ್ರ ಅನ್ನಲಿಲ್ಲ, ಕೆಂದಿ ಉಳೀಬೇಕಲ್ಲ.

“ಇಷ್ಟಕ್ಕೇ ನಿಂತಿದ್ರೆ ನಾನು ಈ ಕತೆ ಹೇಳ್ತಿರ್ಲಿಲ್ಲ. ಒಂದಿನ ನಿಂಗಣ್ಣ ಇನ್ನೂ ಹೊಲಿಗೆ ಬಿಚ್ಚಿಲ್ಲ. ಕೆಂದಿ ತಾನೇ ಕತ್ತು ಚಾಚಿದ್ಲು. ಮೊದಲು ನೆಕ್ಕಿದ್ಲು. ತಲೆ, ಬೆನ್ನು, ಬಾಲ... ಎಂದಿನ ಹಂಗೇ, ಪ್ರೀತಿಯಿಂದ. ನೆಕ್ಕಿ ಮುಗಿಸಿ, ಮೂತಿಯಿಂದ ಕರೂನ ಮಗ್ಗುಲಿಗೆ ಹೊರಳಿಸಿ, ಹೊಟ್ಟೆ ಹೊಲಿಗೆಗೆ ನಾಲಿಗೆ ಹಾಕಿ ಹುಲ್ಲು ಎಳ್ಕೊಂಡ್ಲು. ಅವಳಿಗೆ ಗೊತ್ತಾಗಿಹೋಗಿತ್ತು, ಹುಲ್ಲು ಎಲ್ಲಿರ್ತದೆ ಅಂತ. ಅಮೃತಮ್ಮ ಅದನ್ನ ನೋಡಿದ್ಲು. ಅವಳು ಕಿರುಚಿದ್ದು ಮೇನ್ ರೋಡಿಗೆ ಕೇಳಿಸ್ತು.

“ತೊಗಲು ಪೂರ್ತಿ ಖಾಲಿ ಆದ ದಿನ ಸಾಯಂಕಾಲ ಮಳೆ ಬಂತು. ಹೂಂ, ಅದೇ ದಿನ. ಇವತ್ತಿನ ಹಂಗೇ, ಆಕಾಶ ತೂತಾದಂಗೆ. ನಿಂಗಣ್ಣ ಹುಚ್ಚನ ಹಂಗೆ ರಸ್ತೇಲಿ ನೆನೀತಾ ನಿಂತಿದ್ದ, ನಾವೆಲ್ಲ ಕೊಡ ಇಟ್ಕೊಂಡು ನಗ್ತಾ ಇದ್ವಿ. ಅಮೃತಮ್ಮ ಒಂದು ಬೊಗಸೆ ಮಳೆ ನೀರು ಹಿಡ್ಕೊಂಡು ಕೆಂದಿಗೆ ಕುಡಿಸೋಕೆ ಒಳಗೆ ಹೋದ್ಲು. ಕೆಂದಿ ಹಿಂದಿನ ಗೋಡೆಗೆ ಒರಗಿ ಮಲಗಿತ್ತು. ಮೂತಿ ಆ ಖಾಲಿ ತೊಗಲೊಳಗೆ. ಪ್ರಾಣ ಹೋಗಿತ್ತು. ನಾಲಿಗೆ ಇನ್ನೂ ಒದ್ದೆ ಇತ್ತು ಅಂತ ಅಮೃತಮ್ಮ ಹೇಳ್ತಿದ್ಲು. ಎರಡನ್ನೂ ಒಂದೇ ಗುಂಡೀಲಿ ಹಾಕಿ ಮುಚ್ಚಿದ್ರು, ಆ ಗೋಡೆ ಬುಡದಲ್ಲಿ, ಈಗ ಕೊನೇ ಕೋಣೆ ಇದೆಯಲ್ಲ, ಅಲ್ಲೇ. ಪೇಟೇಲಿ ಹಸು ಹೂಳೋಕೆ ಬೇರೆ ಜಾಗ ಎಲ್ಲಿದೆ?”

ಮೇಣದ ಬತ್ತಿ ಗಾಳಿಗೆ ಬಾಗಿತು. ಮಾರಕ್ಕ ಕೈ ಅಡ್ಡ ಹಿಡಿದು ಅದನ್ನು ಉಳಿಸಿಕೊಂಡಳು. ಕೊನೆಯ ಕೋಣೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಗುರುದೇವಿ ಒರಗಿದ್ದ ಗೋಡೆಯಿಂದ ಬೆನ್ನು ಸರಿಸಿಕೊಂಡಳು. ಎದ್ದು ಹೋಗಬಾರದೆಂದು ಮಾರಕ್ಕ ಮೊದಲೇ ಹೇಳಿದ್ದಳು, ಆದರೆ ಈಗ ಎದ್ದು ಹೋಗುವುದಾದರೂ ಎಲ್ಲಿಗೆ?

“ಆ ವರ್ಷ ಚೆನ್ನಾಗಿ ಮಳೆ ಆಯ್ತು, ಹುಲ್ಲೂ ಬಂತು. ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ನಿಂಗಣ್ಣ ಎಲ್ಲಿಂದಲೋ ಕರು ಸಮೇತ ಒಂದು ಹಸು ತಂದ. ಹೆಣ್ಣುಕರು, ಚುರುಕು ಅಂದ್ರೆ ಚುರುಕು. ಈ ಸಲ ಕರುವಿಗೆ ಹೊಟ್ಟೆ ತುಂಬ ಹಾಲು ಬಿಟ್ಟೇ ಕರೀತೀನಿ ಅಂತ ಅಮೃತಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದ, ಹಂಗೇ ನಡ್ಕೊಂಡ ಕೂಡ. ತಾಯೀನ ಈ ಕಡೆ ಬಾಗಿಲ ಹತ್ರ ಕಟ್ಟಿ, ಕರುವಿಗೆ ಹಿಂದಿನ ಗೋಡೆ ಹತ್ರ ಬೆಚ್ಚಗಿರ್ಲಿ ಅಂತ ಹುಲ್ಲು ಹಾಸಿದ್ರು. ಮೊದಲ ಮಳೆ ಬಿದ್ದ ಮಾರನೇ ಬೆಳಿಗ್ಗೆ ನೋಡಿದ್ರೆ ಕರುವಿನ ಮೈ ಒದ್ದೆ. ಕೂದಲೆಲ್ಲ ಒಂದೇ ಕಡೆ ತೀಡಿತ್ತು. ತಾಯಿ ನೆಕ್ಕಿರ್ಬೇಕು ಅಂದ್ಕೊಂಡ್ರು. ತಾಯಿ ಹಗ್ಗ ಅಷ್ಟುದ್ದ ಇಲ್ಲ ಅಂತ ಆಮೇಲೆ ಹೊಳೀತು. ಸೂರು ಸೋರಿರ್ಬೇಕು ಅಂದ್ಕೊಂಡ್ರು, ಹತ್ತಿ ನೋಡಿದ್ರು. ಸೋರ್ತಿರ್ಲಿಲ್ಲ. ದಿನಾ ಹಂಗೇ. ಹಾಸಿದ ಹುಲ್ಲೂ ದಿನಾ ಕಡಿಮೆ ಆಗೋದು. ಇಲಿ ಅಂದ್ಕೊಂಡ್ರು.”

ಗುರುದೇವಿಯ ಬೆರಳುಗಳು ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದವು.

“ಕರು ಮಾತ್ರ ಆರಾಮಾಗೇ ಇತ್ತು. ಹಾಲು ಕುಡಿಯೋದು, ಕಣ್ಣು ಪಿಳಿಪಿಳಿ ಬಿಡೋದು. ಆದ್ರೆ ಅಂಬಾ ಅನ್ನೋದು ನಿಲ್ಲಿಸ್ತು. ಒಂದಿನ ಅಮೃತಮ್ಮ ಅದನ್ನ ಬಿಸಿಲಿಗೆ ಬಿಡೋಣ ಅಂತ ಎರಡೂ ಕೈಲಿ ಎತ್ಕೊಳ್ಳೋಕೆ ಹೋದ್ಲು. ಭಾರ ಇರ್ತದಲ್ಲ ಕರು ಅಂದ್ರೆ, ಸೊಂಟ ಕೊಟ್ಟು ಎತ್ತಿದ್ಲು. ಎತ್ತಿದ ರಭಸಕ್ಕೆ ಹಿಂದಕ್ಕೆ ಬಿದ್ದೇಹೋದ್ಲು. ಯಾಕೆ? ತೂಕಾನೇ ಇರ್ಲಿಲ್ಲ. ನಂಗೆ ಕೂಗಿದ್ಲು, ನಾನು ಬಂದು ಕೈಲಿ ಹಿಡ್ಕೊಂಡೆ. ಈ ಕೈಯಲ್ಲೇ ಹಿಡ್ಕೊಂಡೆ ನಾನು. ಮೂಗಲ್ಲಿ ಉಸಿರಾಡ್ತಿದೆ, ಕಣ್ಣು ನಮ್ಮನ್ನ ನೋಡ್ತಿದೆ, ಹೊಟ್ಟೆ ದುಂಡಗೇ ಇದೆ. ಒಳಗೆ ಮಾತ್ರ ಏನೂ ಇಲ್ಲ. ಬರೀ ತೊಗಲು ಹಿಡ್ಕೊಂಡಂಗಿತ್ತು. ಆ ಗಳಿಗೇಲೇ ಹುಲ್ಲೆಲ್ಲ ಬಾಚಿ ಹೊರಗೆ ಹಾಕಿ, ಕರೂನ ಅಲ್ಲಿಂದ ತೆಗೆದಿದ್ರೆ ಉಳೀತಿತ್ತೋ ಏನೋ. ನಮಗ್ಯಾರಿಗೂ ತಿಳೀಲಿಲ್ಲ. ಪಾಪ, ಚಳಿ ಆಗಿರ್ಬೇಕು ಅಂತ ಅಮೃತಮ್ಮ ಅದ್ರ ಸುತ್ತ ಇನ್ನಷ್ಟು ಹುಲ್ಲು ಒಟ್ಟಿದ್ಲು. ಬೆಳಗಾಗೋ ಹೊತ್ತಿಗೆ ಹೋಗಿತ್ತು.

“ಆಮೇಲೆ ಅವರು ಇಲ್ಲಿ ನಿಲ್ಲಲಿಲ್ಲ. ಜಾಗ ಮಾರಿ ಮಾಲೂರು ಕಡೆ ಹೋದ್ರು. ಹೋಗೋ ದಿನ ಅಮೃತಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ಲು. ಮಾರಕ್ಕ, ಕೆಂದಿ ಯಾರಿಗೂ ಕೆಟ್ಟದ್ದು ಬಯಸೋಳಲ್ಲ. ಕರು ಹುಡ್ಕೊಂಡು ಬರ್ತಾಳೆ, ಎಳೇದು ಕಂಡ್ರೆ ತನ್ನದೇ ಅಂದ್ಕೋತಾಳೆ. ಆದ್ರೆ ಹಸಿದಿರ್ತಾಳೆ ಕಣೇ, ಹುಲ್ಲು ಎಲ್ಲಿರ್ತ... ಅಂತ ಅಂದೋಳು ಮಾತು ಮುಗಿಸ್ದೆ ಬಾಯಿಗೆ ಸೆರಗು ಇಟ್ಕೊಂಡ್ಲು.

“ಅದನ್ನ ನಾನು ಅಜ್ಮತ್‌ಗೆ ಹೇಳಿದ್ದೆ. ಅವತ್ತು ಹುಲ್ಲು ತರೋಕಾಗ್ಲಿಲ್ಲ ಅನ್ನೋದು ಅವನ ಎದೇಲಿ ಮುಳ್ಳಿನ ಹಂಗೆ ಇತ್ತು. ಅವನು ಪ್ರತಿ ವರ್ಷ ಮೊದಲ ಮಳೆಗೆ ಒಂದು ಹೊರೆ ಹುಲ್ಲು ತಂದು ಆ ಹಿಂದಿನ ಗೋಡೆ ಹೊರಗೆ ಇಟ್ಟು, ಯಾರ ಹತ್ರಾನೂ ಮಾತಾಡದೆ ಹೋಗೋನು. ಬೆಳಿಗ್ಗೆ ಒಂದು ಕಡ್ಡೀನೂ ಇರ್ತಿರ್ಲಿಲ್ಲ. ಇಷ್ಟು ಮನೆ ಎದ್ದವು, ಇಷ್ಟು ಜನ ಬಂದು ಹೋದ್ರು, ಯಾರಿಗೂ ಏನೂ ಆಗ್ಲಿಲ್ಲ, ಯಾಕೆ ಅಂತೀರಿ? ಅವಳಿಗೆ ಹೊರಗೇ ಹೊಟ್ಟೆ ತುಂಬ್ತಿತ್ತು.”

“ಈ ವರ್ಷನೂ ಇಟ್ಟಾರೇನ್ರಿ?” ಎಂದು ಶಿವರುದ್ರಪ್ಪ ಮೆಲ್ಲಗೆ ಕೇಳಿದ.

“ಅಜ್ಮತ್ ಹೋದ ಚಳಿಗಾಲದಲ್ಲಿ ತೀರ್ಕೊಂಡ. ಮಳೆ ಬಿದ್ದ ದಿನಾನೇ ನಾನು ಶಿವಾಜಿನಗರಕ್ಕೆ ಹೋಗಿ ಬೀದಿ ಬೀದಿ ಸುತ್ತಿ ಬಂದೆ. ಈ ಊರಲ್ಲಿ ಈಗ ಹುಲ್ಲು ಮಾರೋರು ಯಾರಿದ್ದಾರಪ್ಪ? ಹುಲ್ಲಾ ಅಜ್ಜಿ, ಯಾಕೆ ಅಂತ ನಗ್ತಾರೆ.”

ಮಳೆ ತುಸು ಇಳಿಯಿತು. ಶೀಟಿನ ಅಂಚಿನಿಂದ ಬೀಳುವ ಹನಿಗಳು ಈಗ ಒಂದೊಂದಾಗಿ ಕೇಳುತ್ತಿದ್ದವು. ಮಾರಕ್ಕ ಗುರುದೇವಿಯ ಕಡೆಗೆ ತಿರುಗಿದಳು. ಅವಳ ಎಂದಿನ ಗದರುವ ದನಿ ಇರಲಿಲ್ಲ.

“ಕೂಸಿನ ತಲೆ ಒದ್ದೆ ಆಗಿರ್ತದೆ ಅಂದ್ಯಲ್ಲ ಮಗಾ. ಕೂದಲು ಸುಮ್ನೆ ಕೆದರಿರ್ತದಾ, ಇಲ್ಲಾ ಒಂದೇ ಕಡೆ ತೀಡಿರ್ತದಾ?”

ಗುರುದೇವಿ ಕೂಸಿನ ತಲೆಯ ಮೇಲೆ ಕೈಯಾಡಿಸಿದಳು. “ಹಣಿಯಿಂದ ಹಿಂದಕ್ಕ ತೀಡಿರತೈತ್ರಿ.”

“ನೆಕ್ಕೋದಕ್ಕೇನೂ ಭಯ ಇಲ್ಲ,” ಎಂದಳು ಮಾರಕ್ಕ. “ಎಳೆ ಮಗು ಅಂತ ನೆಕ್ಕಿ ಹೋಗ್ತಾಳೆ. ಹತ್ರ ಹುಲ್ಲಿನ ವಾಸನೆ ಬಂದ್ರೇನೇ ಅವಳು ಹೊಟ್ಟೆಗೆ ಬಾಯಿ ಹಾಕೋದು. ಕೋಣೇಲಿ ಹುಲ್ಲಿಲ್ದಿದ್ರೆ ಅಷ್ಟೇ, ಆಮೇಲಿಂದು ಇಲ್ಲ. ನಿನ್ನ ಕೋಣೇಲಿ ಹುಲ್ಲೇನೂ ಇಲ್ವಲ್ಲ?”

ಅಷ್ಟರಲ್ಲಿ ಕರೆಂಟು ಬಂತು. ಜನ ನಿಟ್ಟುಸಿರು ಬಿಟ್ಟು ಏಳತೊಡಗಿದರು. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಕೂತಿದ್ದರಿಂದ ಕೆಲವರು ಕಾಲು ಕೊಡವಿಕೊಂಡರು, ಶಿವರುದ್ರಪ್ಪ ಗೋಡೆ ಹಿಡಿದು ಕುಂಟುತ್ತ ಎದ್ದು ನಿಂತ. ಮಾರಕ್ಕ ಮಾತ್ರ ಉತ್ತರಕ್ಕಾಗಿ ಗುರುದೇವಿಯನ್ನೇ ನೋಡುತ್ತಿದ್ದಳು.

ಗುರುದೇವಿ ತೊಡೆಯ ಮೇಲಿನ ಕೂಸನ್ನು ನೋಡಿದಳು. ದೀಪದ ಬೆಳಕಿನಲ್ಲಿ ಅದರ ಕೆನ್ನೆ ದುಂಡಗೇ ಇತ್ತು, ಕಣ್ಣು ಅವಳನ್ನೇ ನೋಡುತ್ತಿತ್ತು. ಸಂಜೆಯಿಂದ ಅದು ಒಂದೇ ತೊಡೆಯ ಮೇಲೆ ಮಲಗಿತ್ತು. ಅವಳ ಕಾಲು ಜೋಮು ಹಿಡಿದಿರಲಿಲ್ಲ.